ಹುಟ್ಟಿನಿಂದ ಇದ್ದದ್ದು ನಲವತ್ತಾರರಲ್ಲಿ ಕಂಡಾಗ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಹೃದಯದ ಗೋಡೆಯ ರಂಧ್ರದ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ಬರೆದಿದ್ದೆ. ಅದನ್ನು ಓದಿ ಕೊಡಗಿನಿಂದ ಮೂವರು ಪತ್ರ ಬರೆದಿದ್ದಾರೆ. ಮೂವರ ತೊಂದರೆಯೂ ರಂಧ್ರಕ್ಕಿಂತ ಹೆಚ್ಚಾಗಿ ಹೃದಯಕ್ಕೆ ಬಂದು ಸೇರುವ ಅಭಿಧಮನಿಗಳಿಗೆ ಸಂಬಂಧಿಸಿದ್ದರಿಂದ, ಈ ಬಾರಿ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇವುಗಳಿಗೇ ಉತ್ತರಿಸುತ್ತಿದ್ದೇನೆ. ಮೊದಲನೆಯ ಪತ್ರ ದೀರ್ಘವಾಗಿದೆ. ಉತ್ತರವೂ ಹಾಗೆಯೇ ಇರಬೇಕಾಗಿದೆ.

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನಗೆ 46 ವರ್ಷ. ನಾಪೋಕ್ಲು ಬಳಿ ನಮಗೆ ಸ್ವಲ್ಪ ಕಾಫಿ ತೋಟವಿದೆ; ಯಜಮಾನರ ಜೊತೆ ನಾನೂ ತೋಟದ ಕೆಲಸ ನೋಡಿಕೊಳ್ಳುತ್ತೇನೆ. ಐದಾರು ವರ್ಷಗಳಿಂದ ಕಾಫಿ ಕಣದಿಂದ ಮನೆಗೆ ಏರು ಹತ್ತುವಾಗ ಏದುಸಿರು ಬರುತ್ತಿತ್ತು. ಮಳೆಗಾಲದಲ್ಲಿ ಕೆಮ್ಮು, ಕಫ ತಪ್ಪುತ್ತಿರಲಿಲ್ಲ. ದಮ್ಮು ಎಂದು ಇನ್‌ಹೇಲರ್ ಕೊಟ್ಟಿದ್ದರು. ಕಳೆದ ಕೊಯ್ಲಿನ ಸಮಯದಲ್ಲಿ ಎರಡು ಮೂರು ಸಲ ಎದೆ ವಿಪರೀತ ಹೊಡೆದುಕೊಂಡಿತು. ಆಗ ಮಾಡಿದ ಎಕೋದಲ್ಲಿ ಹೃದಯದ ಬಲಭಾಗ ದೊಡ್ಡದಾಗಿದೆ, ರಂಧ್ರ ಕಾಣುತ್ತಿಲ್ಲ ಎಂದರು. ಆಮೇಲೆ ಮೈಸೂರಿನಲ್ಲಿ ಗಂಟಲಿನ ಮೂಲಕ ಕೊಳವೆ ಇಳಿಸಿ ಮಾಡುವ ಎಕೋ ಮತ್ತು ಸಿ.ಟಿ. ಮಾಡಿದಾಗ, ಬಲ ಶ್ವಾಸಕೋಶದ ಮೇಲ್ಭಾಗದ ಎರಡು ರಕ್ತನಾಳಗಳು ತಪ್ಪು ಜಾಗಕ್ಕೆ ಸೇರಿವೆ, ಜೊತೆಗೆ 'ಸೈನಸ್ ವೀನೋಸಸ್' ಎಂಬ ರಂಧ್ರವೂ ಇದೆ, ಇದು ಹುಟ್ಟಿನಿಂದಲೇ ಇರುವಂಥದ್ದು, ಆಪರೇಷನ್ ಆಗಬೇಕು ಎಂದರು. ವರದಿಯಲ್ಲಿ 'ಕ್ಯೂಪಿ/ಕ್ಯೂಎಸ್ 2.1' ಎಂದಿದೆ, ಶ್ವಾಸಕೋಶದ ಒತ್ತಡ ಸ್ವಲ್ಪ ಮಾತ್ರ ಹೆಚ್ಚಿದೆಯಂತೆ. ಹುಟ್ಟಿನಿಂದ ಇದ್ದದ್ದು ಇಷ್ಟು ವರ್ಷ ಹೇಗೆ ಕಾಣಲಿಲ್ಲ? ನನಗೆ ಎರಡು ಹೆರಿಗೆ ಸಲೀಸಾಗಿಯೇ ಆಗಿವೆ. ಮನೆಯಲ್ಲಿರುವ ಆಕ್ಸಿಮೀಟರ್ ಯಾವಾಗ ನೋಡಿದರೂ 97 ತೋರಿಸುತ್ತದೆ. ಆಪರೇಷನ್ ನಿಜಕ್ಕೂ ಬೇಕೇ, ಎದೆ ತೆರೆಯದೆ ರಂಧ್ರವನ್ನು ಬಟನ್ ಹಾಕಿ ಮುಚ್ಚಲು ಬರುವುದಿಲ್ಲವೇ? ನನ್ನ ಮಗಳು, ಮಗನಿಗೂ ಇರಬಹುದೇ?
— ಹೆಸರು ಬೇಡ, ನಾಪೋಕ್ಲು

ಉತ್ತರ: ನಿಮ್ಮ ವರದಿಯ ಪ್ರತಿಗಳನ್ನೂ ಕಳಿಸಿದ್ದರಿಂದ ಉತ್ತರಿಸುವುದು ಸುಲಭವಾಯಿತು. ಅದರಲ್ಲಿರುವ ಉದ್ದನೆಯ ಹೆಸರು 'ಪಾರ್ಷಿಯಲ್ ಅನಾಮಲಸ್ ಪಲ್ಮನರಿ ವೀನಸ್ ಕನೆಕ್ಷನ್'. ಶ್ವಾಸಕೋಶದಿಂದ ಶುದ್ಧ ರಕ್ತವನ್ನು ತರುವ ಅಭಿಧಮನಿಗಳಲ್ಲಿ ಕೆಲವು, ಎಲ್ಲವೂ ಅಲ್ಲ, ತಮ್ಮ ಜಾಗ ಬಿಟ್ಟು ಬೇರೆ ಕಡೆ ಸೇರಿಕೊಂಡಿವೆ ಎಂಬುದಷ್ಟೇ ಅದರ ಅರ್ಥ. 'ಕೆಲವು' ಎಂಬ ಮಾತು ಇಲ್ಲಿ ಬಹಳ ಮುಖ್ಯ. ಎಲ್ಲ ಅಭಿಧಮನಿಗಳೂ ದಾರಿ ತಪ್ಪಿದ್ದರೆ ಮಗು ಹುಟ್ಟಿದ ಕೆಲವೇ ದಿನ ಅಥವಾ ವಾರಗಳಲ್ಲಿ ಮೈ ನೀಲಿಗಟ್ಟಿ ಸಂಕಷ್ಟಕ್ಕೆ ಸಿಲುಕುತ್ತದೆ. ಅದು ಬೇರೆಯೇ ಕಾಯಿಲೆ. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಎರಡೂ ಒಟ್ಟೊಟ್ಟಿಗೇ ಕಾಣಿಸಿಕೊಳ್ಳುವುದರಿಂದ ಅನೇಕರು ವಿನಾಕಾರಣ ಹೆದರಿಬಿಡುತ್ತಾರೆ. ನಿಮ್ಮ ಪತ್ರದಲ್ಲಿಯೂ ಆ ಹೆದರಿಕೆಯ ಸುಳಿವು ಇದೆ.

ಸಹಜವಾಗಿ ಹೇಗಿರಬೇಕು ಎಂಬುದನ್ನು ಮೊದಲು ಹೇಳುತ್ತೇನೆ. ದೇಹದ ಅಶುದ್ಧ ರಕ್ತವು ಮೇಲಿನ ಮತ್ತು ಕೆಳಗಿನ ಎರಡು ಮಹಾಭಿಧಮನಿಗಳ ಮೂಲಕ ಬಲ ಹೃತ್ಕರ್ಣಕ್ಕೆ ಬಂದು, ಬಲ ಹೃತ್ಕುಕ್ಷಿಗೆ ಇಳಿದು, ಅಲ್ಲಿಂದ ಶ್ವಾಸಕೋಶಗಳಿಗೆ ಹೋಗುತ್ತದೆ. ಅಲ್ಲಿ ಆಮ್ಲಜನಕ ಪಡೆದ ರಕ್ತವನ್ನು ಸಾಮಾನ್ಯವಾಗಿ ನಾಲ್ಕು ಅಭಿಧಮನಿಗಳು, ಪ್ರತಿ ಶ್ವಾಸಕೋಶದಿಂದ ಎರಡರಂತೆ, ಎಡ ಹೃತ್ಕರ್ಣಕ್ಕೆ ತಂದು ಒಪ್ಪಿಸುತ್ತವೆ. ಎಡ ಹೃತ್ಕುಕ್ಷಿ ಅದನ್ನು ಇಡೀ ದೇಹಕ್ಕೆ ಹಂಚುತ್ತದೆ. ನಿಮ್ಮಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದ ನಾಳಗಳು ಎಡ ಹೃತ್ಕರ್ಣವನ್ನು ಮುಟ್ಟದೆ, ಪಕ್ಕದಲ್ಲಿಯೇ ಹಾದುಹೋಗುವ ಮೇಲಿನ ಮಹಾಭಿಧಮನಿಗೆ ಸೇರಿಕೊಂಡಿವೆ. ಅದರಿಂದಾಗಿ ಒಮ್ಮೆ ಶುದ್ಧವಾದ ರಕ್ತದ ಒಂದು ಪಾಲು ದೇಹಕ್ಕೆ ಹೋಗುವ ಬದಲು ಮತ್ತೆ ಬಲ ಹೃದಯಕ್ಕೇ ಬಂದು, ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಎರಡು ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿರುವ ರಂಧ್ರದ ಮೂಲಕವೂ ಎಡದಿಂದ ಬಲಕ್ಕೆ ಇನ್ನಷ್ಟು ರಕ್ತ ಹರಿಯುತ್ತದೆ.

ತೋಟದವರಿಗೆ ಇದನ್ನು ಬೇರೆ ರೀತಿಯಲ್ಲಿಯೂ ಹೇಳಬಹುದು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂಮಳೆ ಕೈಕೊಟ್ಟಾಗ ನೀವು ಕೆರೆಗೆ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾಯಿಸುತ್ತೀರಿ. ಪೈಪಿನ ಜಾಯಿಂಟೊಂದು ಸಡಿಲವಾಗಿ, ಎತ್ತಿದ ನೀರಿನ ಅರ್ಧದಷ್ಟು ಇಳಿಜಾರಿನಲ್ಲಿ ಹರಿದು ಪುನಃ ಅದೇ ಕೆರೆಗೆ ಬೀಳುತ್ತಿದೆ ಎಂದುಕೊಳ್ಳಿ. ತೋಟ ಒಣಗಬಾರದೆಂದು ಎಂಜಿನನ್ನು ಹೆಚ್ಚು ಹೊತ್ತು ಓಡಿಸುತ್ತೀರಿ. ಗಿಡಗಳಿಗೆ ನೀರು ಸಿಗುತ್ತದೆ, ಹೂವೂ ಅರಳುತ್ತದೆ, ನೋಡಿದವರಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಸವೆಯುವುದು ಎಂಜಿನ್ ಮಾತ್ರ. ನಿಮ್ಮ ವರದಿಯಲ್ಲಿರುವ 'ಕ್ಯೂಪಿ/ಕ್ಯೂಎಸ್ 2.1' ಹೇಳುವುದೂ ಇದನ್ನೇ: ದೇಹಕ್ಕೆ ಒಂದು ಲೀಟರ್ ರಕ್ತ ಹೋಗುವಷ್ಟರಲ್ಲಿ ಶ್ವಾಸಕೋಶಕ್ಕೆ ಎರಡು ಲೀಟರಿಗೂ ಮಿಕ್ಕಿ ಹೋಗುತ್ತಿದೆ. ಆ ಹೆಚ್ಚುವರಿ ಹೊರೆಯನ್ನು ಹೊತ್ತದ್ದು ಬಲ ಹೃದಯ. ಅದಕ್ಕಾಗಿಯೇ ಅದು ಹಿಗ್ಗಿದೆ.

ಆಕ್ಸಿಮೀಟರ್ 97 ತೋರಿಸುವುದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ ಶುದ್ಧ ರಕ್ತ ಅಶುದ್ಧ ರಕ್ತದೊಳಗೆ ಬೆರೆಯುತ್ತಿದೆಯೇ ಹೊರತು ಅಶುದ್ಧ ರಕ್ತ ದೇಹಕ್ಕೆ ಹೋಗುತ್ತಿಲ್ಲ. ಆದ್ದರಿಂದ ಬೆರಳ ತುದಿಯ ಆಮ್ಲಜನಕ ಸರಿಯಾಗಿಯೇ ಇರುತ್ತದೆ. ಕೋವಿಡ್ ಕಾಲದಿಂದ ಮನೆಮನೆಗೂ ಬಂದಿರುವ ಈ ಪುಟ್ಟ ಯಂತ್ರವು ಹೃದಯದ ಬಗ್ಗೆ ತೀರ್ಪು ಕೊಡುತ್ತದೆ ಎಂದು ಅನೇಕರು ನಂಬಿದ್ದಾರೆ. ಅದಕ್ಕೆ ಅಷ್ಟು ತಿಳಿಯದು.

ಈಗ ನಿಮ್ಮನ್ನು ಹೆಚ್ಚು ಕಾಡುತ್ತಿರುವ ಪ್ರಶ್ನೆ: ಇಷ್ಟು ವರ್ಷ ಏಕೆ ಗೊತ್ತಾಗಲಿಲ್ಲ? ದೋಷ ಉಂಟಾಗುವುದು ಗರ್ಭದ ಮೊದಲ ಎರಡು ತಿಂಗಳೊಳಗೆ. ಆಗತಾನೆ ಚಿಗುರುವ ಶ್ವಾಸಕೋಶದ ರಕ್ತವು ಆರಂಭದಲ್ಲಿ ದೇಹದ ಇತರ ಅಭಿಧಮನಿಗಳಿಗೇ ಹರಿಯುತ್ತಿರುತ್ತದೆ. ಎಡ ಹೃತ್ಕರ್ಣದಿಂದ ಒಂದು ಕವಲು ಬೆಳೆದು ಬಂದು ಶ್ವಾಸಕೋಶವನ್ನು ಕೂಡಿಕೊಂಡ ಮೇಲೆ ಹಳೆಯ ದಾರಿಗಳು ಒಂದೊಂದಾಗಿ ಮುಚ್ಚಿಹೋಗಬೇಕು. ಎಲ್ಲೋ ಒಂದೆಡೆ ಹೊಸ ಕೂಡಿಕೆ ಆಗದೆ ಹಳೆಯ ದಾರಿಯೇ ಉಳಿದುಬಿಟ್ಟರೆ ಈ ಸ್ಥಿತಿ. ಶವಪರೀಕ್ಷೆಗಳ ಅಧ್ಯಯನಗಳಲ್ಲಿ ಇದು ಸಾವಿರಕ್ಕೆ ನಾಲ್ಕರಿಂದ ಏಳು ಮಂದಿಯಲ್ಲಿ ಕಂಡುಬಂದಿದೆ. ಬದುಕಿದ್ದಾಗ ಗೊತ್ತಾಗುವವರು ಅದಕ್ಕಿಂತ ಬಹಳ ಕಡಿಮೆ. ಬಲ ಹೃದಯವು ಒತ್ತಡದ ಹೊರೆಯನ್ನು ಬೇಗ ತಾಳಲಾರದಿದ್ದರೂ ಹೆಚ್ಚುವರಿ ರಕ್ತದ ಪ್ರಮಾಣದ ಹೊರೆಯನ್ನು ದಶಕಗಳ ಕಾಲ ಮೌನವಾಗಿ ಹೊರಬಲ್ಲದು. ಹಾಗಾಗಿ ನಿಮ್ಮ ಎರಡು ಹೆರಿಗೆಗಳು ಸಲೀಸಾಗಿ ಆದದ್ದು ಈ ರೋಗನಿರ್ಣಯಕ್ಕೆ ವಿರುದ್ಧವಾದ ಸಾಕ್ಷಿಯಲ್ಲ; ಶ್ವಾಸಕೋಶದ ಒತ್ತಡ ಏರಿರದಿದ್ದರೆ ಹೆಚ್ಚಿನವರಲ್ಲಿ ಹಾಗೆಯೇ ಆಗುತ್ತದೆ. ನಲವತ್ತರ ಆಸುಪಾಸಿನಲ್ಲಿ ಎಡ ಹೃದಯ ಸ್ವಲ್ಪ ಸ್ವಲ್ಪವಾಗಿ ಪೆಡಸಾಗುತ್ತದೆ, ಕೆಲವರಿಗೆ ರಕ್ತದೊತ್ತಡವೂ ಸೇರಿಕೊಳ್ಳುತ್ತದೆ; ಎಡಭಾಗದೊಳಗೆ ಒತ್ತಡ ಏರಿದಂತೆ ತಪ್ಪು ದಾರಿ ಹಿಡಿಯುವ ರಕ್ತದ ಪಾಲೂ ಏರುತ್ತದೆ. ಏದುಸಿರು ಆಗ ಶುರುವಾಗುತ್ತದೆ. ಹಿಗ್ಗಿದ ಹೃತ್ಕರ್ಣದಲ್ಲಿ ಲಯ ತಪ್ಪುವುದರಿಂದ ಎದೆ ಹೊಡೆದುಕೊಳ್ಳುವುದೂ ಅದೇ ವಯಸ್ಸಿನಲ್ಲಿ ಜೊತೆಯಾಗುತ್ತದೆ.

ಮೊದಲ ಎಕೋದಲ್ಲಿ ರಂಧ್ರ ಕಾಣದೇ ಇದ್ದುದನ್ನು ನೀವು ಸ್ವಲ್ಪ ಕೋಪದಿಂದಲೇ ಬರೆದಿದ್ದೀರಿ. ಅದಕ್ಕೂ ಕಾರಣವಿದೆ. ಸಾಮಾನ್ಯವಾಗಿ ಕಾಣುವ ರಂಧ್ರ ಗೋಡೆಯ ನಡುವೆ ಇರುತ್ತದೆ. ಸೈನಸ್ ವೀನೋಸಸ್ ರಂಧ್ರವಾದರೋ ಮಹಾಭಿಧಮನಿ ಬಂದು ಸೇರುವ ಮೂಲೆಯಲ್ಲಿ, ಗೋಡೆಯ ತೀರ ಮೇಲೆ, ಹಿಂಬದಿಯಲ್ಲಿ ಇರುತ್ತದೆ. ಹೃತ್ಕರ್ಣಗಳ ನಡುವಿನ ರಂಧ್ರಗಳಲ್ಲಿ ಈ ಬಗೆಯವು ಶೇ. 5ರಿಂದ 10ರಷ್ಟು ಮಾತ್ರ. ಎದೆಯ ಮೇಲಿಂದ ಮಾಡುವ ಎಕೋ ವಯಸ್ಕರಲ್ಲಿ ಆ ಮೂಲೆಯನ್ನು ಚೆನ್ನಾಗಿ ತೋರಿಸುವುದಿಲ್ಲ. ಅನ್ನನಾಳ ಹೃದಯದ ಬೆನ್ನಿಗೇ ಅಂಟಿಕೊಂಡಂತೆ ಇರುವುದರಿಂದ ಅದರ ಮೂಲಕ ಮಾಡುವ ಎಕೋ ಅಲ್ಲಿಗೆ ತಲುಪುತ್ತದೆ, ಸಿ.ಟಿ. ಅಥವಾ ಎಂ.ಆರ್.ಐ. ಒಂದೊಂದು ನಾಳದ ದಾರಿಯನ್ನೂ ಬಿಡಿಸಿ ತೋರಿಸುತ್ತದೆ. ಆದರೆ ಒಂದು ಮಾತನ್ನು ವೈದ್ಯಮಿತ್ರರಿಗೂ ಕೇಳುವಂತೆ ಹೇಳಬೇಕು. ಬಲ ಹೃದಯ ಕಾರಣವಿಲ್ಲದೆ ದೊಡ್ಡದಾಗುವುದಿಲ್ಲ. ರಂಧ್ರ ಕಾಣಲಿಲ್ಲ ಎಂದ ಮಾತ್ರಕ್ಕೆ ಅಲ್ಲಿಗೇ ನಿಲ್ಲಿಸದೆ, ಶ್ವಾಸಕೋಶದ ನಾಲ್ಕು ಅಭಿಧಮನಿಗಳೂ ಎಡ ಹೃತ್ಕರ್ಣಕ್ಕೆ ಸೇರುತ್ತಿವೆಯೇ ಎಂದು ಎಣಿಸಿ ನೋಡಲೇಬೇಕು. ನಿಮ್ಮನ್ನು ಮುಂದಿನ ಪರೀಕ್ಷೆಗೆ ಕಳಿಸಿದ ವೈದ್ಯರು ಮಾಡಿದ್ದು ಅದನ್ನೇ. ಕೋಪಕ್ಕಿಂತ ಕೃತಜ್ಞತೆಗೇ ಅವರು ಅರ್ಹರು. ಅದಕ್ಕೂ ಮುಂಚೆ ಸ್ಟೆತಸ್ಕೋಪಿನಲ್ಲಿ ಎರಡನೆಯ ಹೃದಯಶಬ್ದ ಸೀಳಿದಂತೆ, ಉಸಿರು ಎಳೆದರೂ ಬಿಟ್ಟರೂ ಅಂತರ ಬದಲಾಗದಂತೆ ಕೇಳಿಸಿರಬಹುದು, ಇ.ಸಿ.ಜಿ.ಯಲ್ಲಿ, ಬಲ ಹೃದಯಕ್ಕೆ ವಿದ್ಯುತ್ ಸಂಕೇತ ಒಯ್ಯುವ ಬಲ ಬಂಡಲ್ ಶಾಖೆಯ ಅರೆತಡೆ ಕಂಡಿರಬಹುದು. ಕೊಡಗಿನ ಮಳೆಗಾಲದಲ್ಲಿ ಕೆಮ್ಮಿಕೊಂಡು ಬಂದವರನ್ನೆಲ್ಲ ದಮ್ಮಿನವರೆಂದೇ ನೋಡುವ ಅಭ್ಯಾಸದಲ್ಲಿ ಇಂಥವು ತಪ್ಪಿಹೋಗುತ್ತವೆ. ಇಷ್ಟಾದರೂ ಇನ್‌ಹೇಲರನ್ನು ನೀವಾಗಿಯೇ ನಿಲ್ಲಿಸಬೇಡಿ. ದಮ್ಮೂ ಇರಬಹುದು, ಉಸಿರಾಟದ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಮೇಲೆ ನಿರ್ಧರಿಸಿ.

ಆಪರೇಷನ್ ಬೇಕೇ? ನಿಮ್ಮ ವಿಷಯದಲ್ಲಿ ಬೇಕು ಎಂದೇ ನನ್ನ ಅಭಿಪ್ರಾಯ. ಬಲ ಹೃದಯ ಹಿಗ್ಗಿದೆ, ಹರಿವಿನ ಅನುಪಾತ 1.5ನ್ನು ದಾಟಿ ಎರಡನ್ನೂ ಮೀರಿದೆ, ರೋಗಲಕ್ಷಣಗಳಿವೆ, ಶ್ವಾಸಕೋಶದ ಒತ್ತಡ ಮಾತ್ರ ಇನ್ನೂ ಹೆಚ್ಚು ಏರಿಲ್ಲ. ಈ ನಾಲ್ಕೂ ಕೂಡಿಬಂದಾಗ ಶಸ್ತ್ರಚಿಕಿತ್ಸೆಯಿಂದ ಸಿಗುವ ಲಾಭ ಹೆಚ್ಚು. ಕಾಯುತ್ತ ಹೋದರೆ ಕೆಲವರಲ್ಲಿ ಶ್ವಾಸಕೋಶದ ರಕ್ತನಾಳಗಳು ದಪ್ಪಗಟ್ಟಿ ಒತ್ತಡ ಶಾಶ್ವತವಾಗಿ ಏರಿಬಿಡುತ್ತದೆ. ತೀರ ಏರಿದ ಮೇಲೆ ರಂಧ್ರ ಮುಚ್ಚುವುದೇ ಅಪಾಯಕಾರಿ. ನಿಮ್ಮ ವೈದ್ಯರು ಕ್ಯಾಥೆಟರ್ ಹಾಕಿ ಒತ್ತಡ ಅಳೆಯಬೇಕು ಎಂದರೆ ಒಪ್ಪಿಕೊಳ್ಳಿ, ಅದು ಈ ಲೆಕ್ಕವನ್ನು ಖಚಿತಪಡಿಸಿಕೊಳ್ಳಲಿಕ್ಕೆ. ನಿಮ್ಮ ವಯಸ್ಸಿಗೆ, ಶಸ್ತ್ರಚಿಕಿತ್ಸೆಗೆ ಮೊದಲು ಹೃದಯದ ಸ್ವಂತ ರಕ್ತನಾಳಗಳ ಆಂಜಿಯೋಗ್ರಾಂ ಮಾಡುವುದೂ ರೂಢಿ.

ಬಟನ್ ಹಾಕಿ ಮುಚ್ಚಲು ಇಲ್ಲಿ ಬರುವುದಿಲ್ಲ. ಬಟನ್ ಕೂರಬೇಕಾದರೆ ರಂಧ್ರದ ಸುತ್ತ ಅಂಚು ಬೇಕು; ಸೈನಸ್ ವೀನೋಸಸ್ ರಂಧ್ರಕ್ಕೆ ಒಂದು ಬದಿಯಲ್ಲಿ ಅಂಚೇ ಇರುವುದಿಲ್ಲ. ಅಲ್ಲದೆ ರಂಧ್ರವನ್ನು ಮಾತ್ರ ಮುಚ್ಚಿದರೆ ತಪ್ಪು ದಾರಿಯ ನಾಳಗಳು ಹಾಗೆಯೇ ಉಳಿಯುತ್ತವೆ. ಮಹಾಭಿಧಮನಿಯೊಳಗೆ ಹೊದಿಕೆಯುಳ್ಳ ಸ್ಟೆಂಟ್ ಇಟ್ಟು ಎರಡನ್ನೂ ಒಮ್ಮೆಗೇ ಸರಿಪಡಿಸುವ ವಿಧಾನವನ್ನು ಇತ್ತೀಚಿನ ವರ್ಷಗಳಲ್ಲಿ ಕೆಲವು ಕೇಂದ್ರಗಳು ಆಯ್ದ ರೋಗಿಗಳಲ್ಲಿ ಮಾಡುತ್ತಿವೆ. ನಾಳಗಳ ರಚನೆ ಅದಕ್ಕೆ ಒಪ್ಪುವಂತಿದೆಯೇ ಎಂದು ಸಿ.ಟಿ. ನೋಡಿ ಹೇಳಬೇಕಾಗುತ್ತದೆ, ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಹಾರ್ಟ್–ಲಂಗ್ ಯಂತ್ರದ ನೆರವಿನಿಂದ ಹೃದಯವನ್ನು ನಿಲ್ಲಿಸಿ, ತಪ್ಪು ದಾರಿಯ ರಕ್ತವನ್ನು ಆ ರಂಧ್ರದ ಮೂಲಕವೇ ಎಡ ಹೃತ್ಕರ್ಣಕ್ಕೆ ತಿರುಗಿಸುವಂತೆ ಒಂದು ತೇಪೆ ಹೊಲಿಯುತ್ತಾರೆ. ಮುಚ್ಚಬೇಕೆಂದು ನೀವು ಹೇಳುವ ರಂಧ್ರವೇ ಸರಿದಾರಿಯ ಬಾಗಿಲಾಗುತ್ತದೆ. ನಾಳಗಳು ಮಹಾಭಿಧಮನಿಗೆ ಬಹಳ ಮೇಲೆ ಸೇರಿದ್ದರೆ 1984ರಲ್ಲಿ ಪ್ರಕಟವಾದ ವಾರ್ಡನ್ ವಿಧಾನವನ್ನು ಅನುಸರಿಸುತ್ತಾರೆ: ಮಹಾಭಿಧಮನಿಯನ್ನು ಆ ನಾಳಗಳಿಗಿಂತ ಮೇಲೆ ಕತ್ತರಿಸಿ, ಮೇಲಿನ ತುದಿಯನ್ನು ಬಲ ಹೃತ್ಕರ್ಣದ ಕಿವಿಯಂಥ ಭಾಗಕ್ಕೆ ಜೋಡಿಸಿ, ಕೆಳಗಿನ ತುಂಡನ್ನು ಎಡಕ್ಕೆ ಹರಿಯುವ ಕಾಲುವೆಯಾಗಿ ಬಳಸಿಕೊಳ್ಳುತ್ತಾರೆ. ಹೃದಯದ ಮಿಡಿತ ಹುಟ್ಟುವ ಸೈನಸ್ ನೋಡ್ ಅದೇ ಮೂಲೆಯಲ್ಲಿ ಇರುವುದರಿಂದ ಅದಕ್ಕೆ ಪೆಟ್ಟಾಗದಿರಲಿ ಎಂಬುದೇ ಈ ಸುತ್ತುದಾರಿಯ ಉದ್ದೇಶ. ಅನುಭವವಿರುವ ಕಡೆ, ಶ್ವಾಸಕೋಶದ ಒತ್ತಡ ಹೆಚ್ಚಿಲ್ಲದವರಲ್ಲಿ, ಜೀವಾಪಾಯ ಶೇ. 1ರ ಆಸುಪಾಸಿನಲ್ಲಿದೆ. ನಂತರದ ತೊಂದರೆಗಳಲ್ಲಿ ಮಹಾಭಿಧಮನಿ ಅಥವಾ ಶ್ವಾಸಕೋಶದ ನಾಳ ಕಿರಿದಾಗುವುದು, ಕೆಲವೊಮ್ಮೆ ಮಿಡಿತ ನಿಧಾನವಾಗಿ ಪೇಸ್‌ಮೇಕರ್ ಬೇಕಾಗುವುದು ಸೇರಿವೆ. ಆದ್ದರಿಂದ ಗುಣವಾದ ಮೇಲೂ ವರ್ಷಗಟ್ಟಲೆ ತಪಾಸಣೆ ತಪ್ಪಿಸಬಾರದು. ಎದೆಮೂಳೆ ಕೂಡಿಕೊಳ್ಳಲು ಎರಡರಿಂದ ಮೂರು ತಿಂಗಳು ಬೇಕು. ಈ ವರ್ಷದ ಕೊಯ್ಲು ಮುಗಿಸಿಯೇ ಹೋಗುತ್ತೇನೆ ಎಂದಿದ್ದೀರಿ. ಒಂದೆರಡು ತಿಂಗಳ ತಡದಿಂದ ಅನಾಹುತವಾಗದು, ಆದರೆ ವೈದ್ಯರ ಒಪ್ಪಿಗೆ ಪಡೆದು ದಿನ ಗೊತ್ತುಮಾಡಿಕೊಂಡೇ ಕೊಯ್ಲಿಗೆ ಇಳಿಯಿರಿ, ಮತ್ತು ಮೆಣಸಿನ ಏಣಿ ಹತ್ತುವುದನ್ನು ಇವತ್ತೇ ಬೇರೆಯವರಿಗೆ ಬಿಡಿ. ಏಣಿಯ ಮೇಲಿರುವಾಗ ಎದೆಬಡಿತ ಏರುಪೇರಾಗಿ ತಲೆಸುತ್ತು ಬಂದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಎದೆಬಡಿತ ಅರ್ಧ ಗಂಟೆಗೂ ಮೀರಿ ನಿಲ್ಲದಿದ್ದರೆ, ಅಥವಾ ಕಣ್ಣು ಕತ್ತಲೆ ಬಂದರೆ, ಕಾಯದೆ ಆಸ್ಪತ್ರೆಗೆ ಹೋಗಿ. ಆಗಲೇ ತೆಗೆದ ಇ.ಸಿ.ಜಿ. ಬಹಳ ಬೆಲೆಯುಳ್ಳದ್ದು.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ದಾಖಲಾಗುವ ಮೊದಲೇ ಕಾರ್ಡು ಮತ್ತು ಶಿಫಾರಸು ಪತ್ರದ ಬಗ್ಗೆ ವಿಚಾರಿಸಿಕೊಳ್ಳಿ. ಮೈಸೂರು, ಮಂಗಳೂರು, ಬೆಂಗಳೂರು ಯಾವುದಾದರೂ ಆಗಬಹುದು, ಆದರೆ ವಯಸ್ಕರ ಜನ್ಮಜಾತ ಹೃದಯದೋಷಗಳನ್ನು ಆಗಾಗ ನೋಡುವ ಶಸ್ತ್ರಚಿಕಿತ್ಸಕರೇ ಎಂದು ನೇರವಾಗಿ ಕೇಳಿ. ಬೈಪಾಸ್ ಚೆನ್ನಾಗಿ ಮಾಡುವವರೆಲ್ಲರಿಗೂ ಈ ಕೆಲಸದ ಅಭ್ಯಾಸ ಇರಬೇಕೆಂದಿಲ್ಲ.

ಮಕ್ಕಳ ವಿಷಯ: ಇದು ಸಾಮಾನ್ಯವಾಗಿ ತಂದೆತಾಯಿಯಿಂದ ನೇರವಾಗಿ ಬರುವ ಕಾಯಿಲೆಯಲ್ಲ. ಆದರೂ ಹೆತ್ತವರಲ್ಲಿ ಒಬ್ಬರಿಗೆ ಜನ್ಮಜಾತ ಹೃದಯದೋಷವಿದ್ದರೆ ಮಕ್ಕಳಲ್ಲಿ ಯಾವುದಾದರೊಂದು ಹೃದಯದೋಷ ಇರುವ ಸಂಭವ ಉಳಿದವರಿಗಿಂತ ಸ್ವಲ್ಪ ಹೆಚ್ಚು. ಇಬ್ಬರಿಗೂ ಒಮ್ಮೆ ಎಕೋ ಮಾಡಿಸಿ, ಬಲಭಾಗದ ಗಾತ್ರ ಸಹಜವಾಗಿದ್ದರೆ ನಿಶ್ಚಿಂತೆಯಿಂದಿರಿ. ಮಗಳು ಮುಂದೆ ಗರ್ಭಿಣಿಯಾದಾಗ ಈ ವಿಷಯವನ್ನು ಪ್ರಸೂತಿ ವೈದ್ಯರಿಗೆ ತಿಳಿಸಿದರೆ ಸಾಕು.

ಪ್ರಶ್ನೆ: ನನಗೆ 58 ವರ್ಷ. ಮಳೆಗಾಲದ ನ್ಯುಮೋನಿಯಾಕ್ಕಾಗಿ ಎದೆಯ ಸಿ.ಟಿ. ಮಾಡಿಸಿದಾಗ, ಎಡ ಶ್ವಾಸಕೋಶದ ಮೇಲ್ಭಾಗದ ಒಂದು ಅಭಿಧಮನಿ ಕುತ್ತಿಗೆಯ ಬಳಿಯ ದೊಡ್ಡ ಅಭಿಧಮನಿಗೆ ಸೇರಿದೆ ಎಂದು ವರದಿಯಲ್ಲಿ ಬರೆದಿದ್ದಾರೆ. ಎಕೋ ಪೂರ್ತಿ ಸಹಜವಾಗಿದೆ. ಬೆಟ್ಟ ಹತ್ತಿದರೂ ಸುಸ್ತಿಲ್ಲ. ನಾನೂ ಆಪರೇಷನ್ ಮಾಡಿಸಿಕೊಳ್ಳಬೇಕೇ?
— ಓದುಗರು, ಸೋಮವಾರಪೇಟೆ

ಉತ್ತರ: ಬೇಡ. ಕಾಯಿಲೆಯ ಹೆಸರು ಮೇಲಿನ ಓದುಗರದ್ದೇ ಆದರೂ ಲೆಕ್ಕ ಬೇರೆ. ನಿಮ್ಮಲ್ಲಿ ದಾರಿ ತಪ್ಪಿರುವುದು ಒಂದೇ ನಾಳ, ಗೋಡೆಯಲ್ಲಿ ರಂಧ್ರವಿಲ್ಲ, ಬಲ ಹೃದಯ ಹಿಗ್ಗಿಲ್ಲ. ಎಲ್ಲರಿಗೂ ಸಿ.ಟಿ. ಮಾಡುವ ಈ ಕಾಲದಲ್ಲಿ ಇಂಥ ನಾಳಗಳು ಆಕಸ್ಮಿಕವಾಗಿ ಕಣ್ಣಿಗೆ ಬೀಳುವುದು ಹೆಚ್ಚಾಗಿದೆ. ಮೊದಲಾಗಿದ್ದರೆ ನಿಮಗೆ ಗೊತ್ತೇ ಆಗುತ್ತಿರಲಿಲ್ಲ. ಕೆಲವು ವರ್ಷಗಳಿಗೊಮ್ಮೆ ಎಕೋ ಮಾಡಿಸಿ ಬಲಭಾಗದ ಗಾತ್ರ ಮತ್ತು ಶ್ವಾಸಕೋಶದ ಒತ್ತಡ ನೋಡಿಕೊಳ್ಳಿ, ರಕ್ತದೊತ್ತಡವನ್ನು ಹತೋಟಿಯಲ್ಲಿಡಿ. ಆ ಸಿ.ಟಿ. ವರದಿಯನ್ನು ಮಾತ್ರ ಜೋಪಾನವಾಗಿಡಿ. ಮುಂದೆಂದಾದರೂ ಐ.ಸಿ.ಯು.ನಲ್ಲಿ ಎಡ ಕುತ್ತಿಗೆಯ ಮೂಲಕ ಕೊಳವೆ ಹಾಕುವ ಪ್ರಸಂಗ ಬಂದರೆ ಅದು ಆ ನಾಳಕ್ಕೆ ಹೊಕ್ಕು, ಅಭಿಧಮನಿಯಿಂದ ಕೆಂಪು ರಕ್ತ ಬಂತೆಂದು ವೈದ್ಯರು ಗೊಂದಲಕ್ಕೆ ಬೀಳಬಹುದು. ಶ್ವಾಸಕೋಶದ ಯಾವುದಾದರೂ ಭಾಗ ತೆಗೆಯುವ ಶಸ್ತ್ರಚಿಕಿತ್ಸೆ ಬಂದರಂತೂ ಇದು ಮೊದಲೇ ತಿಳಿದಿರಲೇಬೇಕು.

ಅಂತರ್ಜಾಲದಲ್ಲಿ 'ಸಿಮಿಟಾರ್ ಸಿಂಡ್ರೋಮ್' ಎಂದು ಓದಿ ಅದೇ ನನಗಿರುವುದೋ ಎಂದೂ ಕೇಳಿದ್ದೀರಿ. ಅಲ್ಲ. ಅದರಲ್ಲಿ ಬಲ ಶ್ವಾಸಕೋಶದ ಅಭಿಧಮನಿ ಕೆಳಗಿಳಿದು ಕೆಳಗಿನ ಮಹಾಭಿಧಮನಿಗೆ ಸೇರುತ್ತದೆ, ಆ ಶ್ವಾಸಕೋಶವೂ ಹೆಚ್ಚಾಗಿ ಚಿಕ್ಕದಿರುತ್ತದೆ. ಎಕ್ಸ್‌ರೇಯಲ್ಲಿ ಆ ನಾಳ ಬಾಗಿದ ನೆರಳಿನಂತೆ ಕಾಣುವುದರಿಂದ ತುರ್ಕರ ಬಾಗುಕತ್ತಿಯ ಹೆಸರು ಬಿದ್ದಿದೆ. 1836ರಷ್ಟು ಹಿಂದೆಯೇ ಅದರ ವರ್ಣನೆ ಯುರೋಪಿನಲ್ಲಿ ಬಂದಿತ್ತು. ಕೊಡಗಿನ ವೈದ್ಯರೊಬ್ಬರು ಮೊದಲು ಕಂಡಿದ್ದರೆ ಒಡಿಕತ್ತಿಯ ಹೆಸರನ್ನೇ ಇಡುತ್ತಿದ್ದರೇನೋ.

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಪೇಸ್‌ಮೇಕರ್ ಹಾಕಲು ತೆಗೆದುಕೊಂಡು ಹೋದವರು ಎಡಗಡೆಯಿಂದ ತಂತಿ ಸರಿಯಾಗಿ ಇಳಿಯುತ್ತಿಲ್ಲ, 'ಎಡಗಡೆಯೂ ಒಂದು ಮಹಾಭಿಧಮನಿ ಇದೆ' ಎಂದು ಹೇಳಿ, ಆಮೇಲೆ ಬಲಗಡೆಯಿಂದ ಹಾಕಿದರು. ಇದು ಅಪಾಯವೇ? ಮೊದಲೇ ಏಕೆ ಹೇಳಲಿಲ್ಲ?
— ಓದುಗರು, ಗೋಣಿಕೊಪ್ಪ

ಉತ್ತರ: ಗರ್ಭದಲ್ಲಿ ಎಲ್ಲರಿಗೂ ಎರಡೂ ಬದಿಯಲ್ಲಿ ಮೇಲಿನ ಮಹಾಭಿಧಮನಿ ಇರುತ್ತದೆ, ಎಡಗಡೆಯದು ಮುಂದೆ ಮುಚ್ಚಿಹೋಗುತ್ತದೆ. ಸಾವಿರಕ್ಕೆ ಮೂರರಿಂದ ಐದು ಮಂದಿಯಲ್ಲಿ ಅದು ಉಳಿದುಬಿಡುತ್ತದೆ. ಬಹುತೇಕರಲ್ಲಿ ಅದು ಹೃದಯದ ಹಿಂಬದಿಯ ಕೊರೊನರಿ ಸೈನಸ್ ಎಂಬ ಅಭಿಧಮನಿಯ ಮೂಲಕ ಬಲ ಹೃತ್ಕರ್ಣಕ್ಕೇ ಸೇರುತ್ತದೆ. ಅಶುದ್ಧ ರಕ್ತ ಹೋಗಬೇಕಾದ ಕಡೆಗೇ ಹೋಗುವುದರಿಂದ, ದಾರಿ ಸುತ್ತಿನದಾದರೂ ತೊಂದರೆಯೇನಿಲ್ಲ, ಚಿಕಿತ್ಸೆಯೂ ಬೇಕಿಲ್ಲ. ಯಾವ ಲಕ್ಷಣವೂ ಇಲ್ಲದ್ದನ್ನು ಮೊದಲೇ ಹೇಳುವುದು ಸಾಧ್ಯವಿರಲಿಲ್ಲ. ಎಕೋದಲ್ಲಿ ಕೊರೊನರಿ ಸೈನಸ್ ಅಗಲವಾಗಿ ಕಂಡಾಗ ಮಾತ್ರ ಸಂಶಯ ಬರುತ್ತದೆ. ತಂತಿ ಆ ಸುತ್ತುದಾರಿಯಲ್ಲಿ ತಿರುಗಿ ಸರಿಯಾದ ಜಾಗಕ್ಕೆ ಇಳಿಯುವುದು ಕಷ್ಟವಾದ್ದರಿಂದ ಬಲಗಡೆಗೆ ಬದಲಾಯಿಸಿದ್ದು ಸರಿಯಾದ ನಿರ್ಧಾರ.

ಕೆಲವೇ ಜನರಲ್ಲಿ ಈ ನಾಳ ಎಡ ಹೃತ್ಕರ್ಣಕ್ಕೆ ಸೇರಿರುತ್ತದೆ. ಆಗ ಅಶುದ್ಧ ರಕ್ತ ನೇರವಾಗಿ ದೇಹಕ್ಕೆ ಹೋಗುತ್ತದೆ, ಕೈಯ ನಾಳದಲ್ಲಿನ ಹೆಪ್ಪು ಅಥವಾ ಗಾಳಿಯ ಗುಳ್ಳೆ ಮೆದುಳನ್ನು ತಲುಪುವ ಭಯವಿರುತ್ತದೆ. ಇದನ್ನು ತಿಳಿಯಲು ದೊಡ್ಡ ಪರೀಕ್ಷೆ ಬೇಡ: ಎಡಗೈಯ ಅಭಿಧಮನಿಗೆ ಅಲುಗಿಸಿದ ಸಲೈನ್ ಕೊಟ್ಟು ಎಕೋ ನೋಡಿದರೆ, ಗುಳ್ಳೆಗಳು ಮೊದಲು ಎಲ್ಲಿ ಕಾಣಿಸಿಕೊಳ್ಳುತ್ತವೆ ಎಂಬುದರಿಂದಲೇ ತಿಳಿಯುತ್ತದೆ. ತಂದೆಯವರ ಪೇಸ್‌ಮೇಕರ್ ತಪಾಸಣೆಗೆ ಹೋದಾಗ ಇದನ್ನು ನೋಡಿದ್ದಾರೆಯೇ ಎಂದು ಕೇಳಿ, ಉತ್ತರವನ್ನು ಪೇಸ್‌ಮೇಕರ್ ಕಾರ್ಡಿನ ಜೊತೆಗೇ ಬರೆಸಿಟ್ಟುಕೊಳ್ಳಿ.